ಇಲ್ಲದ ಕಲ್ಲಿನ ಲೆಕ್ಕ

ನನ್ನ ಕೆಲಸ ಕಲ್ಲು ಪುಡಿ ಮಾಡುವುದು. ಬಂಗಾರಪೇಟೆಯಿಂದ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಹೋಗುತ್ತೇನೆ. ಅಲ್ಲಿ ಒಂದು ಲ್ಯಾಬಿನಲ್ಲಿ ಕಲ್ಲು ಒಡೆದು, ಜರಡಿ ಹಿಡಿದು, ಆಸಿಡ್‌ನಲ್ಲಿ ತೊಳೆದು, ಸಂಜೆ ಅದೇ ಲೈನಿನಲ್ಲಿ ವಾಪಸ್ ಬರುತ್ತೇನೆ. ರೈಲಿನಲ್ಲಿ ಪಕ್ಕ ಕೂರುವವರಿಗೆ ಇದನ್ನು ಹೇಳಿದರೆ ಜಲ್ಲಿ ಕ್ರಷರ್‌ನಲ್ಲಿ ಕೆಲಸ ಅಂದುಕೊಳ್ಳುತ್ತಾರೆ. ಒಂದು ಲೆಕ್ಕಕ್ಕೆ ನಿಜವೇ. ನಮ್ಮ ಕ್ರಷರ್ ಸ್ವಲ್ಪ ಚಿಕ್ಕದು, ಅಷ್ಟೇ.

ಕಲ್ಲುಗಳು ಬರುವುದು ಲಡಾಖ್, ಲಾಹೌಲ್ ಕಡೆಯಿಂದ. ಒಂದು ಕಾಲದಲ್ಲಿ ಹಿಮನದಿ ತುಂಬಿಕೊಂಡಿದ್ದು ಈಗ ಬರಿದಾಗಿರುವ ಕಣಿವೆಗಳಿಗೆ ಸ್ಟೂಡೆಂಟ್‌ಗಳು ಬೇಸಿಗೆಯಲ್ಲಿ ಹೋಗುತ್ತಾರೆ. ಬಂಡೆಯ ಮೇಲಿನ ನಾಲ್ಕು ಬೆರಳಿನಷ್ಟು ದಪ್ಪದ ಪದರವನ್ನು ಉಳಿ ಸುತ್ತಿಗೆಯಲ್ಲಿ ಎಬ್ಬಿಸಿ ಬಟ್ಟೆ ಚೀಲದಲ್ಲಿ ಕಟ್ಟಿ ತರುತ್ತಾರೆ. ಚೀಲದ ಮೇಲೆ ಮಾರ್ಕರ್‌ನಲ್ಲಿ ನಂಬರು, ಎತ್ತರ, ದಪ್ಪ. ಆ ಹಿಮನದಿ ತನ್ನ ಕೆಳಗಿನ ನೆಲವನ್ನು ವರ್ಷಕ್ಕೆ ಎಷ್ಟು ಸವೆಸಿತು ಅನ್ನೋದು ಅವರ ಪ್ರಶ್ನೆ.

ಟೇಕಲ್‌ನಲ್ಲಿ ನಮ್ಮ ಮಾಮ ಇದ್ದಾರೆ. ಅಮ್ಮನ ಅಣ್ಣ. ಜೀವಮಾನವೆಲ್ಲ ಕಂಬ, ಚಪ್ಪಡಿ, ಸೈಜುಗಲ್ಲಿನ ವ್ಯಾಪಾರ. ಕಲ್ಲಿನ ವಿಷಯದಲ್ಲಿ ಅವರನ್ನು ಏಮಾರಿಸಲು ಆಗುವುದಿಲ್ಲ. ಯಾವುದೋ ಗೃಹಪ್ರವೇಶದಲ್ಲಿ ಸಿಕ್ಕಾಗ ನನ್ನ ಕೆಲಸದ ಬಗ್ಗೆ ಪೂರ್ತಿ ಕೇಳಿಸಿಕೊಂಡು ಹೇಳಿದರು: "ಅಲ್ಲಮ್ಮ, ಆ ಹಿಮ ಕರಗಿ ಸಾವಿರಾರು ವರ್ಷ ಆಯ್ತು ಅಂತೀಯ. ಕೆರೆದ ಕಲ್ಲು ನೀರಲ್ಲಿ ಕೊಚ್ಚಿಕೊಂಡು ಹೋಯ್ತು. ನಿಮ್ಮ ಹತ್ರ ಇರೋದು ಮಿಕ್ಕಿರೋ ಬಂಡೆ. ಹೋಗಿರೋದನ್ನ ಹೆಂಗೆ ಅಳೀತೀರ?"

ನನ್ನ ಲ್ಯಾಬಿಗೆ ಬರುವ ಎಷ್ಟೋ ಎಂಎಸ್‌ಸಿ ಹುಡುಗರು ಕೇಳದ ಪ್ರಶ್ನೆ ಇದು. ಊಟದ ಸಾಲಿನಲ್ಲಿ ಕೂತು ಅರ್ಧಂಬರ್ಧ ಹೇಳಿದ್ದೆ. ಇಲ್ಲಿ ಪೂರ್ತಿ ಬರೆಯುತ್ತೇನೆ.

ಮೊದಲು ಹಿಮನದಿ ನೆಲವನ್ನು ಸವೆಸುವುದು ಹೇಗೆ ಅಂತ ನೋಡಬೇಕು. ಬರೀ ಐಸ್ ಗ್ರಾನೈಟನ್ನು ಉಜ್ಜಲಾರದು, ಅದು ತುಂಬಾ ಮೆದು. ಉಜ್ಜುವುದು ಐಸಿನ ತಳದಲ್ಲಿ ಕಚ್ಚಿಕೊಂಡಿರುವ ಕಲ್ಲು, ಮರಳು. ಹಳೇ ಮನೆಗಳಲ್ಲಿ ಮೊಸಾಯಿಕ್ ನೆಲಕ್ಕೆ ಪಾಲಿಶ್ ಮಷಿನ್ ಹಾಕುವುದನ್ನು ನೋಡಿದ್ದೀರಲ್ವಾ? ಕೆಳಗೆ ಉಜ್ಜುವ ಕಲ್ಲು, ಮೇಲಿನಿಂದ ಭಾರ, ನಡುವೆ ನೀರು, ಆಮೇಲೆ ಬಾಗಿಲಿನಾಚೆ ಹರಿಯುವ ಬೂದುಬಣ್ಣದ ರಾಡಿ. ಹಿಮನದಿಯ ಬಾಯಿಂದ ಬರುವ ನೀರೂ ಹಾಗೇ ಹಾಲುಹಾಲಾಗಿರುತ್ತದೆ. ಅದು ಬಂಡೆಯ ಹಿಟ್ಟು.

ಇದನ್ನು ನೇರವಾಗಿ ಅಳೆದವರೂ ಇದ್ದಾರೆ. ಜೆಫ್ರಿ ಬೌಲ್ಟನ್ ಅನ್ನುವ ಬ್ರಿಟಿಷ್ ವಿಜ್ಞಾನಿ 1970ರ ದಶಕದಲ್ಲಿ ಐಸ್‌ಲ್ಯಾಂಡಿನ ಒಂದು ಹಿಮನದಿಯ ಅಡಿಗೆ ಹೋಗಿ, ಬಂಡೆಗೆ ಮಾರ್ಬಲ್ ಮತ್ತು ಬಸಾಲ್ಟ್ ಹಲಗೆಗಳನ್ನು ಬೋಲ್ಟ್ ಹಾಕಿ ಕೂರಿಸಿದರು. ಹಿಮ ಅವುಗಳ ಮೇಲೆ ಹಾದುಹೋದ ಮೇಲೆ ತೆಗೆದು ಅಳೆದರು. ಮಾರ್ಬಲ್ ವರ್ಷಕ್ಕೆ ಸುಮಾರು 3 ಮಿಲಿಮೀಟರ್ ಸವೆದಿತ್ತು. ಬಸಾಲ್ಟ್ ಸುಮಾರು 1 ಮಿಲಿಮೀಟರ್. ಮಾಮನಿಗೆ ಈ ಪ್ರಯೋಗ ಬಹಳ ಇಷ್ಟವಾಯಿತು. "ಇದು ಕೆಲಸ" ಅಂದರು.

ಉಜ್ಜುವುದು ಒಂದು ದಾರಿ. ಇನ್ನೊಂದು ಕೀಳುವುದು. ಬಂಡೆಯಲ್ಲಿ ಮೊದಲೇ ಸೀಳುಗಳಿರುತ್ತವೆ. ತಳದಲ್ಲಿ ನೀರಿನ ಒತ್ತಡ ಏರಿ ಇಳಿಯುವಾಗ ಆ ಸೀಳು ದೊಡ್ಡದಾಗುತ್ತದೆ. ಕೊನೆಗೆ ಒಂದು ಇಡೀ ದಿಮ್ಮಿಯನ್ನೇ ಹಿಮ ಎಬ್ಬಿಸಿಕೊಂಡು ಹೋಗುತ್ತದೆ. ಹಾಗಾಗಿ ಹಿಮನದಿ ದಾಟಿದ ಬಂಡೆಗುಡ್ಡಕ್ಕೆ ಎರಡು ಮುಖ. ಹಿಮ ಬಂದ ಕಡೆ ನುಣುಪು, ಗೀರು. ಹೋದ ಕಡೆ ಕಿತ್ತು ಮೆಟ್ಟಿಲಾದ ಒರಟು. ಚೀಲ ನನ್ನ ಟೇಬಲ್‌ಗೆ ಬಂದಾಗ ನಾನು ಮೊದಲು ಕೇಳುವುದೇ ಇದನ್ನ: ಯಾವ ಮುಖದಿಂದ ತಂದೆ? ಒಂದೇ ಬಂಡೆಯ ಎರಡು ಮುಖಗಳು ಎರಡು ಉತ್ತರ ಕೊಡುತ್ತವೆ.

ಈಗ ಮಾಮನ ಪ್ರಶ್ನೆಗೆ ಬರೋಣ. ಇದಕ್ಕೆ ಉತ್ತರ ಹೇಳಲು ನಮ್ಮ ಕೆಜಿಎಫ್‌ಗಿಂತ ಒಳ್ಳೆ ಜಾಗ ಇಲ್ಲ.

ನಮ್ಮ ತಾತ ಚಾಂಪಿಯನ್ ರೀಫ್ ಗಣಿಯಲ್ಲಿ ಕೆಲಸಕ್ಕಿದ್ದವರು. ಗಣಿಯ ಒಳಗೆ "ಬಾಂಬೆ ಸೈಂಟಿಸ್ಟುಗಳು" ಏನೋ ಡಬ್ಬ ಇಟ್ಟುಕೊಂಡು ಕೂತಿರುತ್ತಿದ್ದರು ಅಂತ ಹೇಳುತ್ತಿದ್ದರು. ಅದು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರ ಕೆಲಸ. ಆಕಾಶದಿಂದ ಸದಾ ಸುರಿಯುವ ಕಾಸ್ಮಿಕ್ ಕಿರಣಗಳು ನೆಲದೊಳಗೆ ಎಷ್ಟು ಆಳ ಇಳಿಯುತ್ತವೆ ಅಂತ ಅವರು 1950ರ ದಶಕದಿಂದಲೇ ಅಲ್ಲಿ ಅಳೆಯುತ್ತಿದ್ದರು. ಕೆಳಕ್ಕೆ ಹೋದಷ್ಟೂ ಎಣಿಕೆ ಕಡಿಮೆ. ಎರಡು ಕಿಲೋಮೀಟರ್ ದಾಟಿದ ಮೇಲೆ ಹೆಚ್ಚುಕಡಿಮೆ ಏನೂ ಇಲ್ಲ. ಆ ನಿಶ್ಶಬ್ದ ಸಿಕ್ಕಿದ್ದರಿಂದಲೇ 1965ರಲ್ಲಿ ಸುಮಾರು 2.3 ಕಿಲೋಮೀಟರ್ ಆಳದಲ್ಲಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋ ಅನ್ನುವ ಕಣಗಳ ಗುರುತು ಹಿಡಿಯಲು ಆಯಿತು. ಜಪಾನಿನ ಒಸಾಕ ಮತ್ತು ಇಂಗ್ಲೆಂಡಿನ ಡರ್ಹಮ್‌ನವರೂ ಜೊತೆಗಿದ್ದರು. ಚಿನ್ನದ ಕಥೆ ಎಲ್ಲರಿಗೂ ಗೊತ್ತು, ಸಿನಿಮಾನೂ ಬಂತು. ಈ ಕಥೆ ಬಂಗಾರಪೇಟೆಯಲ್ಲೇ ಎಷ್ಟೋ ಜನಕ್ಕೆ ಗೊತ್ತಿಲ್ಲ ಅನ್ನೋದು ನನ್ನ ಹಳೇ ಕೊರಗು.

ಇರಲಿ. ಬಂಡೆ ಕಾಸ್ಮಿಕ್ ಕಿರಣವನ್ನು ತಡೆಯುತ್ತದೆ ಅನ್ನುವುದು ನಮಗೆ ಬೇಕಾದ ವಿಷಯ. ಕೆಜಿಎಫ್‌ನಲ್ಲಿ ಅಳೆದದ್ದು ಈ ಕಿರಣಗಳಲ್ಲಿನ ಮ್ಯುವಾನ್ ಅನ್ನುವ ಕಣಗಳನ್ನು. ಅವು ಗಟ್ಟಿ ಜಾತಿಯವು, ಆಳಕ್ಕೆ ಇಳಿಯುತ್ತವೆ. ಅವುಗಳ ಜೊತೆ ನ್ಯೂಟ್ರಾನ್‌ಗಳೂ ಬೀಳುತ್ತವೆ. ಅವು ಗ್ರಾನೈಟ್‌ನಲ್ಲಿ ಸುಮಾರು 60 ಸೆಂಟಿಮೀಟರ್ ಇಳಿಯುವಷ್ಟರಲ್ಲಿ ಮೂರರಲ್ಲಿ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಮಾತ್ರ ಉಳಿಯುತ್ತವೆ. ಮೂರು ಮೀಟರ್ ಕೆಳಗೆ ನೂರಕ್ಕೆ ಒಂದೂ ಇಲ್ಲ. ಈ ನ್ಯೂಟ್ರಾನ್ ಬೆಣಚುಕಲ್ಲಿನ ಒಳಗಿನ ಆಮ್ಲಜನಕದ ಪರಮಾಣುವಿಗೆ ಬಡಿದರೆ ಅದು ಚೂರಾಗಿ ಒಮ್ಮೊಮ್ಮೆ ಬೆರಿಲಿಯಂ-10, ಅಂದರೆ ಬೆರಿಲಿಯಂ ಅನ್ನುವ ಲೋಹದ ಒಂದು ಅಪರೂಪದ ರೂಪ, ಹುಟ್ಟುತ್ತದೆ. ಸಮುದ್ರ ಮಟ್ಟದಲ್ಲಿ, ಧ್ರುವದ ಕಡೆಯ ನಾಡುಗಳಲ್ಲಿ, ಒಂದು ಗ್ರಾಂ ಬೆಣಚುಕಲ್ಲಿನಲ್ಲಿ ವರ್ಷಕ್ಕೆ ಸುಮಾರು 4 ಪರಮಾಣು. ಅಷ್ಟೇ! ಲಡಾಖಿನ ಎತ್ತರದಲ್ಲಿ ಇದರ ಹಲವು ಪಟ್ಟು ಸಿಗುತ್ತದೆ, ಯಾಕಂದರೆ ಮೇಲೆ ಗಾಳಿಯ ಹೊದಿಕೆ ತೆಳು.

ಅಂದರೆ ಬಯಲಿನಲ್ಲಿರುವ ಪ್ರತಿ ಬಂಡೆಯ ಮೇಲಿನ ಎರಡು ಮೂರು ಮೀಟರ್‌ನಲ್ಲಿ ಬೆರಿಲಿಯಂ-10 ಮೇಲೆ ಜಾಸ್ತಿ, ಕೆಳಗೆ ಕಡಿಮೆ ಅಂತ ಒಂದು ಕ್ರಮದಲ್ಲಿ ಕೂತಿರುತ್ತದೆ. ಹಿಮ ಬಂದು ಮುಚ್ಚಿದರೆ ಹೊಸದು ಹುಟ್ಟುವುದು ನಿಲ್ಲುತ್ತದೆ. ಹಿಮ ಮೇಲಿನ ಪದರ ಕೆರೆದರೆ, ಹಳೇ ದಾಸ್ತಾನಿನಲ್ಲಿ ಆ ಭಾಗ ಹೋಯಿತು. ಹಿಮ ಕರಗಿದ ದಿನ ಬಂಡೆಯಲ್ಲಿ ಉಳಿದಿದ್ದೇ ಹಳೇ ಬಾಕಿ. ಅಂದಿನಿಂದ ಮತ್ತೆ ಹೊಸ ಜಮಾ ಶುರು.

ಉದಾಹರಣೆಗೆ ಒಂದು ಲೆಕ್ಕ. ಹಿಮನದಿ ಬಿಟ್ಟುಹೋದ ಕಲ್ಲುಗುಡ್ಡೆಯ ಗುಂಡುಗಳಿಂದ, ಹಿಮ ಕರಗಿದ್ದು ಯಾವಾಗ ಅಂತ ಬೇರೆಯಾಗಿ ಗೊತ್ತಾಗಿದೆ ಅಂತಿಟ್ಟುಕೊಳ್ಳಿ. ಅಷ್ಟು ವರ್ಷಕ್ಕೆ ಸೇರಬೇಕಾದ ಬೆರಿಲಿಯಂ ಎಷ್ಟು ಅಂತ ಲೆಕ್ಕ ಸಿಗುತ್ತದೆ. ನಮ್ಮ ಬಂಡೆಯಲ್ಲಿ ಅದಕ್ಕಿಂತ ಜಾಸ್ತಿ ಇದ್ದರೆ, ಆ ಜಾಸ್ತಿ ಹಿಮ ಬರುವ ಮೊದಲಿನ ಬಾಕಿ. ಆ ಬಾಕಿ ಮೊದಲಿದ್ದದ್ದರ ಹತ್ತರಲ್ಲಿ ಒಂದು ಪಾಲು ಅಂತಾದರೆ, ಹೋದ ಕಲ್ಲಿನ ದಪ್ಪ ಸುಮಾರು 1.4 ಮೀಟರ್. ಹಿಮ 10,000 ವರ್ಷ ಕೂತಿತ್ತು ಅಂದರೆ ವರ್ಷಕ್ಕೆ 0.14 ಮಿಲಿಮೀಟರ್. ಇಲ್ಲದ ಕಲ್ಲನ್ನು ಅಳೆಯುವುದು ಹೀಗೆ, ಮಾಮ.

ಬಾಕಿ ಏನೂ ಇಲ್ಲ ಅಂತ ಬಂದರೆ? ಆಗ ಕನಿಷ್ಠ ಮೂರು ಮೀಟರ್ ಹೋಗಿದೆ ಅಂತಷ್ಟೇ ಹೇಳಬಹುದು. ಮೂರು ಹೋಗಿದ್ದರೂ ಸೊನ್ನೆ, ಮುನ್ನೂರು ಹೋಗಿದ್ದರೂ ಸೊನ್ನೆ. ಕಣಿವೆಯ ನಡುವಿನ ಬಂಡೆಗಳು ಸಾಮಾನ್ಯವಾಗಿ ಈ ಉತ್ತರವನ್ನೇ ಕೊಡುತ್ತವೆ. ಪಕ್ಕದ ಏರಿನಲ್ಲಿ, ದಿಬ್ಬದ ನೆತ್ತಿಯಲ್ಲಿ ಬಾಕಿ ಸಿಗುತ್ತದೆ. ಆದ್ದರಿಂದ ಒಂದು ಕಲ್ಲು ತಂದರೆ ಉಪಯೋಗ ಇಲ್ಲ, ಕಣಿವೆಗೆ ಅಡ್ಡಲಾಗಿ ಸಾಲಾಗಿ ತರಬೇಕು. ಚೀಲ ಹೊರುವವರ ಬೆನ್ನಿನ ಕಷ್ಟ ನನಗೆ ಅರ್ಥವಾಗುತ್ತದೆ. ಆದರೂ ತರಬೇಕು.

ಈಗ ನನ್ನ ಕೆಲಸ. ಎರಡು ಕಿಲೋ ಕಲ್ಲನ್ನು ಜಾ ಕ್ರಷರ್‌ಗೆ ಹಾಕಿ ಒಡೆದು, ಕಾಲು ಮಿಲಿಮೀಟರ್‌ನಿಂದ ಅರ್ಧ ಮಿಲಿಮೀಟರ್ ಗಾತ್ರದ ಕಾಳನ್ನು ಜರಡಿಯಲ್ಲಿ ಬೇರೆ ಮಾಡುತ್ತೇನೆ. ಅಯಸ್ಕಾಂತದಲ್ಲಿ ಕಪ್ಪು ಖನಿಜ ಹೋಗುತ್ತದೆ. ಉಳಿದಿದ್ದು ಬೆಣಚುಕಲ್ಲು ಮತ್ತು ಫೆಲ್ಡ್‌ಸ್ಪಾರ್ ಅನ್ನುವ ಖನಿಜ, ಅಲ್ಲಲ್ಲಿ ಮಿಣಮಿಣ ಕಾಗೆಬಂಗಾರ. ಅದನ್ನು ತೆಳು ಹೈಡ್ರೋಫ್ಲೋರಿಕ್ ಆಸಿಡ್‌ನಲ್ಲಿ ಹಾಕಿ ಪ್ಲಾಸ್ಟಿಕ್ ಬಾಟಲಿಯಲ್ಲಿ ದಿನಗಟ್ಟಲೆ ಅಲ್ಲಾಡಿಸಬೇಕು. ಮತ್ತೆ ತೊಳೆದು, ಮತ್ತೆ ಹಾಕಿ, ಮತ್ತೆ. ಫೆಲ್ಡ್‌ಸ್ಪಾರ್ ಬೇಗ ಕರಗುತ್ತದೆ. ಬೆಣಚುಕಲ್ಲು ಹಟ ಹಿಡಿದು ಉಳಿಯುತ್ತದೆ, ಅದರ ಹೊರಚರ್ಮ ಮಾತ್ರ ಸ್ವಲ್ಪ ಹೋಗುತ್ತದೆ. ಆ ಹೊರಚರ್ಮ ಹೋಗಲೇಬೇಕು. ಮಳೆ ನೀರಿನ ಜೊತೆ ಬಂದು ಅಂಟಿದ ಬೆರಿಲಿಯಂ-10 ಅಲ್ಲಿರುತ್ತದೆ, ನಮಗೆ ಬೇಕಾದ್ದು ಕಲ್ಲಿನೊಳಗೇ ಹುಟ್ಟಿದ್ದು.

ಈ ಆಸಿಡ್ ಕೈಗೆ ತಾಗಿದರೆ ತಕ್ಷಣ ಉರಿಯದಿರಬಹುದು, ಒಳಗೆ ಇಳಿದು ಮೂಳೆಯ ತನಕ ಹೋಗುತ್ತದೆ. ಗಾಜನ್ನೂ ತಿನ್ನುತ್ತದೆ. ಟೇಬಲ್ ಮೇಲೆ ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ಲಿನ ಟ್ಯೂಬ್ ಇಲ್ಲದೆ ನಾನು ಬಾಟಲಿ ಮುಚ್ಚಳ ತೆಗೆಯುವುದಿಲ್ಲ. ಹೊಸಬರು ನಗುತ್ತಾರೆ. ನಗಲಿ.

ಕೊನೆಗೆ ಬೆಳ್ಳಗೆ ಹೊಳೆಯುವ ಇಪ್ಪತ್ತು ಮೂವತ್ತು ಗ್ರಾಂ ಬೆಣಚುಕಲ್ಲು ಉಳಿಯುತ್ತದೆ. ಅದನ್ನು ಪೂರ್ತಿ ಕರಗಿಸುವ ಮುಂಚೆ ಅಳತೆ ಮಾಡಿದ ಸಾಮಾನ್ಯ ಬೆರಿಲಿಯಂ-9 ಕಾಲು ಮಿಲಿಗ್ರಾಂ ಸೇರಿಸುತ್ತೇವೆ. ಕಲ್ಲಿನಲ್ಲಿರುವುದು ಅಷ್ಟು ಕಡಿಮೆಯಾದ್ದರಿಂದ ಈ ಜೊತೆಗಾರ ಇಲ್ಲದೆ ಕೈಗೆ ಏನೂ ಸಿಗುವುದಿಲ್ಲ. ಇಲ್ಲೊಂದು ತಮಾಷೆ ಇದೆ. ಅಂಗಡಿಯಲ್ಲಿ ಸಿಗುವ ಬೆರಿಲಿಯಂನಲ್ಲಿ ಸ್ವಲ್ಪ ಬೆರಿಲಿಯಂ-10 ಮೊದಲೇ ಬೆರೆತಿರುತ್ತದೆ. ಅದಕ್ಕೆ ಒಳ್ಳೆ ಲ್ಯಾಬ್‌ಗಳು ಆಳದ ಗಣಿಯಿಂದ ತೆಗೆದ, ಕಾಸ್ಮಿಕ್ ಕಿರಣ ತಾಗದ ಖನಿಜದಿಂದಲೇ ಇದನ್ನು ತಯಾರಿಸಿಕೊಳ್ಳುತ್ತವೆ. ತಾತ ಇದ್ದಿದ್ದರೆ ಹೇಳುತ್ತಿದ್ದೆ, ಆಳ ಗಣಿಯ ಕಲ್ಲಿಗೆ ಚಿನ್ನ ಇಲ್ಲದೆಯೂ ಬೆಲೆ ಇದೆ ಅಂತ.

ಎಲ್ಲ ಮುಗಿದ ಮೇಲೆ ಉಳಿಯುವುದು ಒಂದು ಮಿಲಿಗ್ರಾಂಗಿಂತ ಕಡಿಮೆ ಬಿಳಿ ಪುಡಿ. ಅದನ್ನು ವೇಗವರ್ಧಕ ಯಂತ್ರದಲ್ಲಿ ಎಣಿಸಬೇಕು. ದೆಹಲಿಯ ಇಂಟರ್ ಯೂನಿವರ್ಸಿಟಿ ಆಕ್ಸಲರೇಟರ್ ಸೆಂಟರ್‌ನಲ್ಲಿ ಅಂಥದ್ದಿದೆ. ಹತ್ತು ಲಕ್ಷ ಕೋಟಿ ಬೆರಿಲಿಯಂ ಪರಮಾಣುಗಳಲ್ಲಿ ಒಂದು ಬೆರಿಲಿಯಂ-10 ಇದ್ದರೂ ಅದು ಹಿಡಿದು ಎಣಿಸುತ್ತದೆ. ನನಗೆ ಇವತ್ತಿಗೂ ಇದು ನಂಬಲು ಕಷ್ಟ.

ಉತ್ತರಗಳು ಎಂಥವು? ಬರ್ನಾರ್ಡ್ ಹ್ಯಾಲೆಟ್ ಅನ್ನುವ ವಿಜ್ಞಾನಿ ಮತ್ತು ಜೊತೆಗಾರರು 1996ರಲ್ಲಿ ಜಗತ್ತಿನ ಬೇರೆಬೇರೆ ಕಡೆಯ, ಬೇರೆಬೇರೆ ವಿಧಾನದ ಅಳತೆಗಳನ್ನು ಒಂದು ಕಡೆ ಸೇರಿಸಿದರು. ಧ್ರುವದ ಹತ್ತಿರದ ಹಿಮನದಿಗಳಲ್ಲಿ ವರ್ಷಕ್ಕೆ 0.01 ಮಿಲಿಮೀಟರ್. ನಾರ್ವೆಯ ಗಟ್ಟಿ ಬಂಡೆಯ ಮೇಲೆ 0.1. ಆಲ್ಪ್ಸ್‌ನಲ್ಲಿ 1ರ ಹತ್ತಿರ. ಅಲಾಸ್ಕದ ಆಗ್ನೇಯದಲ್ಲಿ ದೊಡ್ಡ, ವೇಗದ ಹಿಮನದಿಗಳು 10 ದಾಟುತ್ತವೆ. ಸಾವಿರ ಪಟ್ಟು ವ್ಯತ್ಯಾಸ! ಹಿಮನದಿ ಅಂದ ತಕ್ಷಣ ಎಲ್ಲವನ್ನೂ ತಳ್ಳಿಕೊಂಡು ಹೋಗುವ ಬುಲ್ಡೋಜರ್ ಅಂತ ಟಿವಿಯವರು ಹೇಳುವಾಗ ನನಗೆ ಸಿಟ್ಟು ಬರುವುದು ಇದಕ್ಕೇ.

ವ್ಯತ್ಯಾಸಕ್ಕೆ ಮುಖ್ಯ ಕಾರಣ ನೀರು. ತಳದಲ್ಲಿ ನೀರಿದ್ದರೆ ಹಿಮ ಜಾರುತ್ತದೆ, ಜಾರಿದರೆ ಉಜ್ಜುತ್ತದೆ. ತಳ ಬಂಡೆಗೆ ಹೆಪ್ಪುಗಟ್ಟಿ ಅಂಟಿದ್ದರೆ ಮೇಲಿನ ಹಿಮ ಬಾಗಿ ಹರಿಯುತ್ತದೆ, ಕೆಳಗಿನ ನೆಲ ಹಾಗೇ ಇರುತ್ತದೆ. ಉತ್ತರ ಸ್ವೀಡನ್‌ನಲ್ಲಿ ಒಂದರ ಮೇಲೊಂದು ಜೋಡಿಸಿದ ಹಾಗೆ ನಿಂತ ಬಂಡೆಗಳಿವೆ, ನಮ್ಮ ಅಂತರಗಂಗೆ ಬೆಟ್ಟದಲ್ಲಿ ಇರುವಂಥವು. ಅವುಗಳ ಮೇಲೆ ಹಿಮ ಹಲವು ಸಲ ಬಂದು ಹೋಗಿದೆ. ಬಂಡೆ ಬೀಳಲಿಲ್ಲ. ಗ್ರೀನ್‌ಲ್ಯಾಂಡಿನ ನೆತ್ತಿಯಲ್ಲಿ 1993ರಲ್ಲಿ ಮೂರು ಕಿಲೋಮೀಟರ್ ಹಿಮ ಕೊರೆದು, ಕೆಳಗಿನ ಬಂಡೆಯಿಂದಲೂ ಒಂದೂವರೆ ಮೀಟರ್ ತುಂಡು ತೆಗೆದಿದ್ದರು. 2016ರಲ್ಲಿ ಅದರಲ್ಲಿ ಬೆರಿಲಿಯಂ-10 ಮತ್ತು ಅದೇ ಥರ ಕಲ್ಲಿನೊಳಗೆ ಹುಟ್ಟುವ ಅಲ್ಯೂಮಿನಿಯಂ-26 ಎರಡನ್ನೂ ಎಣಿಸಿದ್ದು ಪ್ರಕಟವಾಯಿತು. ಅಂದರೆ ಆ ಜಾಗ ಕಳೆದ 14 ಲಕ್ಷ ವರ್ಷಗಳಲ್ಲಿ ಕನಿಷ್ಠ 2.8 ಲಕ್ಷ ವರ್ಷ ಹಿಮವಿಲ್ಲದೆ ಬಿಸಿಲು ಕಂಡಿತ್ತು. ಆಮೇಲೆ ಬಂದ ಮೂರು ಕಿಲೋಮೀಟರ್ ಹಿಮಕ್ಕೆ ಮೇಲಿನ ಕೆಲವು ಮೀಟರ್ ಕಲ್ಲನ್ನೂ ಪೂರ್ತಿ ಕೆರೆಯಲು ಆಗಿಲ್ಲ.

ವೇಗದ ಹಿಮನದಿಯ ಕಡೆ ನ್ಯೂಜಿಲೆಂಡಿನ ಫ್ರಾನ್ಸ್ ಜೋಸೆಫ್ ಇದೆ. ಅಲ್ಲಿ 2015ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಸವೆತ ಜಾರುವ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ. ವೇಗ ಎರಡು ಪಟ್ಟಾದರೆ ಸವೆತ ನಾಲ್ಕು ಪಟ್ಟು.

"ಹಂಗಾದ್ರೆ ನಮ್ಮ ಟೇಕಲ್ ಗುಂಡುಗಳೂ ಹಿಮ ತಂದಿಟ್ಟಿದ್ದಾ?" ಮಾಮನ ಎರಡನೇ ಪ್ರಶ್ನೆ. ಅನುಮಾನ ಬರುವುದು ಸಹಜ. ಹಿಮಯುಗದ ವಿಚಾರವನ್ನು ಜಗತ್ತಿಗೆ ಒಪ್ಪಿಸಿದ ಲೂಯಿ ಅಗಾಸಿ ಕೂಡ 1865ರಲ್ಲಿ ಬ್ರೆಜಿಲ್‌ಗೆ ಹೋಗಿ, ಮಣ್ಣಿನಲ್ಲಿ ಕೂತ ದುಂಡು ಬಂಡೆಗಳನ್ನು ನೋಡಿ ಇಲ್ಲೂ ಹಿಮ ಬಂದಿತ್ತು ಅಂದುಬಿಟ್ಟರು. ಅವು ಇದ್ದಲ್ಲೇ ಮಳೆ ಬಿಸಿಲಿಗೆ ಮೂಲೆ ಕರಗಿ ದುಂಡಾದವು. ಟೇಕಲ್‌ನವೂ ಹಾಗೇ. ಅಗಾಸಿ ಮಾರಿಕುಪ್ಪಂ ರೈಲಿಗೆ ಬಂದಿದ್ದರೆ ಇಲ್ಲೂ ಅದನ್ನೇ ಹೇಳಿರುತ್ತಿದ್ದರೇನೋ. ಇಂಥ ಬೋಳು ಗ್ರಾನೈಟ್ ತಲೆಗಳು ಎಷ್ಟು ನಿಧಾನ ಸವೆಯುತ್ತವೆ ಅಂತ ಆಸ್ಟ್ರೇಲಿಯದ ಐರ್ ಪರ್ಯಾಯ ದ್ವೀಪದಲ್ಲಿ ಅಳೆದಿದ್ದಾರೆ. ಕೆಲವು ಬಂಡೆಗಳು ಹತ್ತು ಲಕ್ಷ ವರ್ಷಕ್ಕೆ ಒಂದು ಮೀಟರ್ ಕೂಡ ಸವೆಯುವುದಿಲ್ಲ.

ಭಾರತದಲ್ಲಿ ನಿಜವಾದ ಪ್ರಾಚೀನ ಹಿಮದ ಗುರುತು ನೋಡಬೇಕು ಅಂದರೆ ಒಡಿಶಾದ ತಾಲ್ಚೇರ್ ಕಡೆ ಹೋಗಬೇಕು. ಸುಮಾರು 30 ಕೋಟಿ ವರ್ಷದ ಹಿಂದಿನದು, ಭಾರತ ದಕ್ಷಿಣ ಧ್ರುವದ ಹತ್ತಿರ ಇದ್ದ ಕಾಲ. ಅಲ್ಲಿನ ಗುಂಡುಕಲ್ಲಿನ ಪದರ ಹಿಮದ ಕೆಲಸ ಅಂತ ಬ್ಲಾನ್‌ಫೋರ್ಡ್ ಸಹೋದರರು ಮತ್ತು ಥಿಯೋಬಾಲ್ಡ್ ಅನ್ನುವ ಭೂವಿಜ್ಞಾನಿಗಳು 1856ರಲ್ಲೇ ಬರೆದರು. ಅಷ್ಟು ಹಳೆಯದಕ್ಕೆ ನನ್ನ ಬೆರಿಲಿಯಂ ಕೆಲಸಕ್ಕೆ ಬರುವುದಿಲ್ಲ. ಅದು ಸುಮಾರು 14 ಲಕ್ಷ ವರ್ಷಕ್ಕೊಮ್ಮೆ ಅರ್ಧವಾಗುತ್ತಾ ಹೋಗುತ್ತದೆ, ಏನೂ ಉಳಿದಿರುವುದಿಲ್ಲ.

ಲಕ್ಷಗಟ್ಟಲೆ, ಕೋಟಿಗಟ್ಟಲೆ ವರ್ಷಕ್ಕೆ ಬೇರೆ ವಿಧಾನ ಇದೆ. ಅದಕ್ಕೂ ಕೆಜಿಎಫ್ ನೆನಪಾಗುತ್ತದೆ. ಗಣಿಯ ತೀರಾ ಆಳದಲ್ಲಿ, ಮೂರು ಕಿಲೋಮೀಟರ್ ಕೆಳಗೆ, ಬಂಡೆಯ ಬಿಸಿ 60 ಡಿಗ್ರಿ ದಾಟುತ್ತಿತ್ತು. ತಂಪು ಗಾಳಿ ಊದದಿದ್ದರೆ ಮನುಷ್ಯ ನಿಲ್ಲಲು ಆಗುತ್ತಿರಲಿಲ್ಲ. ಅಪಟೈಟ್ ಅನ್ನುವ ಖನಿಜದ ಕಾಳಿನಲ್ಲಿ ಯುರೇನಿಯಂ ಒಡೆದು ಹೀಲಿಯಂ ಆಗುತ್ತಿರುತ್ತದೆ. ಸುಮಾರು 70 ಡಿಗ್ರಿಗಿಂತ ಬಿಸಿ ಇದ್ದರೆ ಹೀಲಿಯಂ ಸೋರಿಹೋಗುತ್ತದೆ. ಮೇಲಿನ ಕಲ್ಲು ಸವೆದು ಈ ಕಾಳು ಮೇಲಕ್ಕೆ ಬಂದು ತಣ್ಣಗಾದಾಗ ಹೀಲಿಯಂ ಒಳಗೇ ಉಳಿಯಲು ಶುರುವಾಗುತ್ತದೆ. ಅದನ್ನು ಅಳೆದರೆ ಮೇಲಿನ ಹೊದಿಕೆ ಯಾವಾಗ, ಎಷ್ಟು ಬೇಗ ಹೋಯಿತು ಅಂತ ಗೊತ್ತಾಗುತ್ತದೆ. ಕೆನಡಾದ ಬ್ರಿಟಿಷ್ ಕೊಲಂಬಿಯಾದ ಕ್ಲಿನಾಕ್ಲಿನಿ ಕಣಿವೆಯಲ್ಲಿ ಹೀಗೆ ಅಳೆದು 2005ರಲ್ಲಿ ಪ್ರಕಟಿಸಿದರು. ಸುಮಾರು 18 ಲಕ್ಷ ವರ್ಷದ ಹಿಂದೆ ಹಿಮನದಿ ಅಲ್ಲಿ ಕನಿಷ್ಠ ಎರಡು ಕಿಲೋಮೀಟರ್ ಕಲ್ಲು ತೆಗೆದಿತ್ತು, ವರ್ಷಕ್ಕೆ 5 ಮಿಲಿಮೀಟರ್ ಅಥವಾ ಇನ್ನೂ ಜಾಸ್ತಿ ವೇಗದಲ್ಲಿ.

ಇನ್ನೂ ಹಿಂದೆ, 71.7 ಕೋಟಿ ವರ್ಷದ ಹಿಂದೆ ಶುರುವಾಗಿ, ಭೂಮಿ ಹೆಚ್ಚುಕಡಿಮೆ ಪೂರ್ತಿ ಹಿಮಗಟ್ಟಿದ ಕಾಲವಿದೆ. ಆಗ ಖಂಡಗಳಿಂದ 3ರಿಂದ 5 ಕಿಲೋಮೀಟರ್ ಕಲ್ಲು ಹೋಯಿತು ಅಂತ 2019ರಲ್ಲಿ ಒಂದು ವಾದ ಬಂತು. ಒಪ್ಪದವರೂ ಇದ್ದಾರೆ, ಜಗಳ ಮುಗಿದಿಲ್ಲ. ಆದರೆ ಭಾಗಾಕಾರ ಮಾಡಿ ನೋಡಿ. 4 ಕಿಲೋಮೀಟರನ್ನು ಸುಮಾರು 6 ಕೋಟಿ ವರ್ಷಕ್ಕೆ ಹಂಚಿದರೆ ವರ್ಷಕ್ಕೆ 0.07 ಮಿಲಿಮೀಟರ್ ಕೂಡ ಇಲ್ಲ. ನಾರ್ವೆಯ ಸೋಮಾರಿ ಹಿಮನದಿಗಿಂತ ಕಡಿಮೆ. ವೇಗ ಕೇಳಿದರೆ ಏನೂ ಅಲ್ಲ, ಮೊತ್ತ ಕೇಳಿದರೆ ತಲೆ ತಿರುಗುತ್ತದೆ.

ವೇಗ ಅನ್ನುವ ಒಂದೇ ಅಂಕಿಯ ಮೇಲೆ ನನಗೆ ಅನುಮಾನ ಇರುವುದು ಇದಕ್ಕೇ. ಅಲಾಸ್ಕದ ದೊಡ್ಡ ಅಂಕಿಗಳು ಬಹುಪಾಲು ಇತ್ತೀಚಿನ ಕೆಲವು ದಶಕಗಳಲ್ಲಿ ಕಡಲ ತೋಳುಗಳಲ್ಲಿ ತುಂಬಿದ ಹೂಳಿನಿಂದ ಬಂದವು. ಹಿಮನದಿಗಳು ವೇಗವಾಗಿ ಹಿಂದೆ ಸರಿಯುತ್ತಾ ಎಲ್ಲವನ್ನೂ ಹೊರಗೆ ತಳ್ಳುತ್ತಿದ್ದ ಕಾಲ ಅದು. ಅದನ್ನು ಲಕ್ಷ ವರ್ಷಕ್ಕೆ ಗುಣಿಸಿದರೆ ಬೆಟ್ಟವೇ ಇರುವುದಿಲ್ಲ. ಎಷ್ಟು ಕಾಲದ ಸರಾಸರಿ ಅಂತ ಹೇಳದ ಅಂಕಿಯನ್ನು ನಾನು ನಂಬುವುದಿಲ್ಲ.

ಈಗ ಲ್ಯಾಬಿನಲ್ಲಿರುವ ಲಾಹೌಲ್ ಹುಡುಗನ ಜೊತೆ ಇದೇ ಚರ್ಚೆ. ಅವನ ಕಣಿವೆಯ ನಡುವಿನ ಬಂಡೆಗಳಲ್ಲಿ ಬಾಕಿ ಏನೂ ಸಿಕ್ಕಿಲ್ಲ. ಏರಿನ ಬಂಡೆಗಳಲ್ಲಿ ಸಿಕ್ಕಿದೆ. ಅವನಿಗೆ ಎಲ್ಲ ಸೇರಿಸಿ ಒಂದು ಸರಾಸರಿ ಬೇಕು, ಪೇಪರಿನ ಮೊದಲ ಪುಟದಲ್ಲಿ ಹಾಕಲು.

"ಮೇಡಂ, ನಡುವಿನದಕ್ಕೆ ಮೂರು ಮೀಟರ್ ಅಂತಲೇ ಇಟ್ಟುಕೊಂಡು ಸರಾಸರಿ ತೆಗೆದರೆ?"

"ಮೂರು ಅಂತ ಬಂಡೆ ಎಲ್ಲಿ ಹೇಳಿದೆ? ಮೂರಕ್ಕಿಂತ ಜಾಸ್ತಿ ಅಂತ ತಾನೇ ಹೇಳಿರೋದು?"

"ಆದರೆ ಕಾಲಂ ಖಾಲಿ ಬಿಡೋಕಾಗಲ್ಲ."

ಖಾಲಿ ಬಿಡಬೇಡ, ಅಂಕಿಯ ಮುಂದೆ 'ಇದಕ್ಕಿಂತ ಜಾಸ್ತಿ' ಗುರುತು ಹಾಕು, ಅಂಥ ಸಾಲುಗಳನ್ನು ಸರಾಸರಿಗೆ ಸೇರಿಸಬೇಡ ಅಂದೆ. ಮುಖ ಸಣ್ಣಗೆ ಮಾಡಿಕೊಂಡು ಹಾಕಿದ. ಅವನ ಇನ್ನೊಂದು ಕಂತು ಚೀಲಗಳು ಕ್ರಷರ್ ಪಕ್ಕದಲ್ಲಿ ಕಾದಿವೆ, ಎಲ್ಲವೂ ಗುಡ್ಡದ ಹಿಂದಿನ, ಕಿತ್ತ ಮುಖದವು.